ಗುಂಡೂಕಾಕಾ ಮತ್ತು ಒಂದು ಹಸಿರು ವೈರು

ಗುಂಡೂಕಾಕಾ ಯಾರ ಮನೆಗೆ ಹೋದರೂ ಹೋದ ಕೂಡಲೇ ಕೂರುತ್ತಿರಲಿಲ್ಲ. ಶೂ ಬಿಚ್ಚಿ, ಕೋಟು ತೂಗುಹಾಕಿ, ಎಡಗೈಯನ್ನು ಪ್ಯಾಂಟಿನ ಜೇಬಿಗೆ ಇಳಿಬಿಟ್ಟುಕೊಂಡು ನೇರವಾಗಿ ಅಡುಗೆಮನೆಗೆ ನಡೆಯುತ್ತಿದ್ದರು. ಬಲಗೈಯ ಹಿಂಬದಿಯನ್ನು ಮೆಲ್ಲಗೆ ಫ್ರಿಜ್ಜಿನ ಬಾಗಿಲಿಗೆ ತಾಗಿಸುತ್ತಿದ್ದರು. ಆಮೇಲೆ ವಾಷಿಂಗ್ ಮಷೀನು, ಆಮೇಲೆ ಒಲೆ, ಕೊನೆಗೆ ಟೋಸ್ಟರು. ಮಗುವಿಗೆ ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡುವ ಹಾಗಿತ್ತು ಅದು. ಫ್ರಾಂಕ್‌ಫರ್ಟಿನ ಕನ್ನಡದವರಿಗೆಲ್ಲ ಇದು ನೋಡಿ ನೋಡಿ ರೂಢಿಯಾಗಿತ್ತು. ಅವರು ಬಾಗಿಲಲ್ಲಿ ಕಾಣಿಸಿದ್ದೇ ತಡ, "ಡಾಕ್ಟ್ರು ಬಂದ್ರು ಕಣ್ರಪ್ಪ, ಫ್ರಿಜ್ಜಿಗೆ ನಾಲಿಗೆ ಚಾಚೋಕೆ ಹೇಳಿ" ಎಂದು ಯಾರಾದರೂ ರೇಗಿಸುತ್ತಿದ್ದರು. ಕಾಕಾನೂ ಎಲ್ಲರ ಜೊತೆ ನಗುತ್ತಿದ್ದರು. ಆದರೆ ಟೋಸ್ಟರನ್ನು ಮುಟ್ಟುವ ತನಕ ಕುರ್ಚಿಯ ಕಡೆ ತಿರುಗುತ್ತಿರಲಿಲ್ಲ.

ಯಾಕೆ ಹೀಗೆ ಎಂದು ನಾನು ಒಮ್ಮೆ ಕೇಳಿದೆ. ಧಾರವಾಡ ಬಿಟ್ಟು ನಲವತ್ತು ವರ್ಷದ ಮೇಲಾಗಿದ್ದರೂ ಅವರ ಮಾತು ಮಾತ್ರ ಅಲ್ಲಿಯದೇ.

"ಅಂಗೈಲೆ ಹಿಡದ್ರ ಕರೆಂಟು ಕೈನ ಮುಚ್ಚಿಸಿಬಿಡ್ತದ್ರಿ. ಬಿಡಬೇಕಂದ್ರೂ ಬಿಡಲಿಕ್ಕೆ ಆಗೂದಿಲ್ಲ. ಹಿಂದಿನಿಂದ ಮುಟ್ಟಿದ್ರ ಕೈ ತಾನ ಹಿಂದಕ್ಕ ಸರೀತದ. ಇನ್ನ ಎಡಗೈ ಕಿಸೆದಾಗ ಯಾಕ ಅಂತೀರೇನು? ಎರಡೂ ಕೈ ಕೊಟ್ರ ಅದು ಎದೀ ದಾಟಿ ಹೋಗ್ತದ."

ಫ್ರಾಂಕ್‌ಫರ್ಟಿನ ಹೊರವಲಯದ ಒಂದು ಮೋಟರು ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದವರು ಅವರು. ತಯಾರಾದ ಮೋಟರಿನ ಮೈಗೆ ಒಳಗಿನ ಕರೆಂಟು ಸೋರುತ್ತಿದೆಯೇ ಎಂದು ಅಳೆದು ಪಾಸು ಫೇಲು ಬರೆಯುವುದು ಅವರ ಕೆಲಸ. ಅಳೆಯದೆ ಪಾಸು ಬರೆದವನನ್ನು ಅವರು ಮನುಷ್ಯರ ಲೆಕ್ಕಕ್ಕೇ ಸೇರಿಸುತ್ತಿರಲಿಲ್ಲ. "ಸುಳ್ಳ ರೀಡಿಂಗ್ ಬರದಾಂವ" ಎಂಬುದು ಅವರ ಬಾಯಲ್ಲಿ ಬರುತ್ತಿದ್ದ ಅತಿ ಕೆಟ್ಟ ಬೈಗುಳ. ಮಕ್ಕಳಿರಲಿಲ್ಲ. ಹೆಂಡತಿ ಸುಧಾಕಾಕು ನಾವೆಲ್ಲ ಈ ಊರಿಗೆ ಬರುವ ಎಷ್ಟೋ ಮೊದಲೇ ತೀರಿಹೋಗಿದ್ದರು, ಹಾರ್ಟ್ ಅಟ್ಯಾಕ್ ಅಂತೆ ಎಂದು ಜನ ಹೇಳುತ್ತಿದ್ದರು.

ನನಗೆ ಅವರ ಪರಿಚಯವಾದದ್ದು ನಮ್ಮ ಮನೆಯ ದೆವ್ವದ ದೆಸೆಯಿಂದ. ನಾನು, ನನ್ನ ಗಂಡ ಮಹೇಶ, ಮಗಳು ಇಳಾ ಬೋರ್ನ್‌ಹೈಮಿನ ಒಂದು ಆಲ್ಟ್‌ಬೌಗೆ ಅಂದರೆ ಹಳೇ ಕಾಲದ ಕಟ್ಟಡಕ್ಕೆ ಬಂದು ಸೇರಿದ ಮೊದಲ ಚಳಿಗಾಲ ಅದು. ಎತ್ತರದ ಸೂರು, ಸೂರಿನ ಅಂಚಿಗೆಲ್ಲ ಗಾರೆಯ ಹೂಬಳ್ಳಿ, ನಡೆದರೆ ಕಿರುಗುಟ್ಟುವ ಮರದ ನೆಲ. ಹಳೇ ಮನೆಯ ಅಂದಕ್ಕೆ ಮರುಳಾಗಿ, ಗೋಡೆಯೊಳಗೆ ಏನಿದೆ ಎಂದು ಯೋಚಿಸದೆ ಸಹಿ ಹಾಕಿದ್ದೆವು. ನವೆಂಬರಿನಿಂದ ಶುರುವಾಯಿತು. ಯಾರೂ ಸ್ವಿಚ್ಚು ಮುಟ್ಟದೆ ಹಾಲಿನ ದೀಪ ಕುಗ್ಗುತ್ತಿತ್ತು, ಮತ್ತೆ ಏರುತ್ತಿತ್ತು. ಕೆಲವು ಸಲ ಕಣ್ಣು ಚುಚ್ಚುವಷ್ಟು ಬೆಳ್ಳಗೆ ಉರಿದು, ನಾವು ಮುಖ ಮುಖ ನೋಡಿಕೊಳ್ಳುವಷ್ಟರಲ್ಲಿ ಸುಮ್ಮನಾಗುತ್ತಿತ್ತು. ಆಗ ಇಳಾಗೆ ಆರು ವರ್ಷ. "ದಾ ಇಸ್ಟ್ ಐನ್ ಗೈಸ್ಟ್" ಎಂದು ನನ್ನ ಸೊಂಟ ಹಿಡಿದುಕೊಂಡಳು, ಇಲ್ಲೊಂದು ದೆವ್ವ ಇದೆ ಅಮ್ಮಾ ಎಂದು. ಮೈಸೂರಿನಿಂದ ನಮ್ಮತ್ತೆ ಫೋನಿನಲ್ಲಿ, ಮೂಲೆ ಮೂಲೆಗೆ ಕಲ್ಲುಪ್ಪು ಇಡು ಎಂದರು. ನಗಬೇಡಿ, ನಾನು ಇಟ್ಟೆ.

ಉಪ್ಪಿಗೆ ಅದು ಬಗ್ಗಲಿಲ್ಲ. ಮೊದಲು ರೌಟರು ಹೋಯಿತು. ಆಮೇಲೆ ಮಹೇಶನ ಆಫೀಸಿನ ಲ್ಯಾಪ್‌ಟಾಪಿನ ಚಾರ್ಜರು, ಅದರ ಹಿಂದೆ ಟಿವಿ. ಮಹೇಶ ರೇಗಿ, ಅಂಗಡಿಯಲ್ಲಿದ್ದ ಅತಿ ದುಬಾರಿ ಸರ್ಜ್ ಪ್ರೊಟೆಕ್ಟರ್ ತಂದು ಹೊಸ ಟಿವಿಗೆ ಹಾಕಿದ. ಮೂರು ವಾರಕ್ಕೆ ಹೊಸ ಟಿವಿಯೂ ಸುಟ್ಟ ವಾಸನೆ ಬಿಟ್ಟು ಕಪ್ಪಾಯಿತು. ಆಗ ಯಾರೋ, "ಗುಂಡೂಕಾಕಾಗೆ ಒಂದ್ಸಲ ತೋರಿಸಿ" ಎಂದರು.

ಬಂದವರು ಫ್ರಿಜ್ಜಿನ ಶಾಸ್ತ್ರ ಮುಗಿಸಿ, ಹಾಲಿನ ಸಾಕೆಟ್ಟಿನ ಫ್ಯೂಸನ್ನು ತಿರುಗಿಸಿ ತೆಗೆದು, ಸಾಕೆಟ್ಟಿನ ಮುಖ ಬಿಚ್ಚಿದರು. ಮೇಲಿನ ಬಿಳಿ ಪ್ಲಾಸ್ಟಿಕ್ಕು ಹೊಸದು. ಒಳಗೆ ಬಟ್ಟೆ ಸುತ್ತಿದ, ಮಾಸಿದ ಎರಡೇ ಎರಡು ವೈರು. ಕಾಕಾ ತುಂಬ ಹೊತ್ತು ಅದನ್ನೇ ನೋಡಿದರು.

"ಇದನ್ನ ಎಳದಾಂವ ಸತ್ತು ಎಷ್ಟು ವರ್ಷ ಆತೋ ಏನೋ. ಅಂವ ಹಾಕಿದ ಗಂಟು ಇನ್ನೂ ಹಿಡಕೊಂಡದ ನೋಡ್ರಿ. ಗ್ವಾಡ್ಯಾಗಿನವ್ರು ಸತ್ರೂ ಡ್ಯೂಟಿ ಬಿಡೂದಿಲ್ಲ."

ಆಮೇಲೆ ಆ ಮನೆಯ ಯಾವ ಗೋಡೆಗೂ ನಿಶ್ಚಿಂತೆಯಿಂದ ಒರಗಲು ನನ್ನಿಂದಾಗಲಿಲ್ಲ.

ಮಹೇಶ ಪ್ರೊಟೆಕ್ಟರನ್ನು ಅವರ ಕೈಗೆ ಕೊಟ್ಟು, "ಇದ್ಯಾಕೆ ಕಾಕಾ ಕೆಲಸ ಮಾಡ್ಲಿಲ್ಲ? ಟಾಪ್ ಮಾಡೆಲ್ ಇದು" ಎಂದ.

"ಛಲೋ ವಸ್ತುನ ಅದ. ಆದ್ರ ಹೆಚ್ಚಿಗೆ ಬಂದದ್ದನ್ನ ಭೂಮಿಗೆ ಚೆಲ್ಲೂದು ಇದರ ಕೆಲಸ. ನಿಮ್ಮ ಹಾಲಿನ್ಯಾಗ ಮೂರನೇ ವೈರ ಇಲ್ಲ, ಭೂಮಿನ ಇಲ್ಲ. ನೀರು ಚೆಲ್ಲಬೇಕಂದ್ರ ಮೋರಿ ಬ್ಯಾಡೇನ್ರಿ? ಮತ್ತ, ಇದು ಸಿಡಿಲಿನಂಥಾದ್ದಕ್ಕ ಮದ್ದು. ನಿಮ್ಮ ಮನೀಗೆ ಬಂದದ್ದು ಸಿಡಿಲಲ್ಲ. ಎಲ್ಲೋ ಕರೆಂಟು ಬಂದ ಮ್ಯಾಲೆ ಹೊಳ್ಳಿ ಹೋಗೋ ದಾರಿ ಸಡಲ ಆಗ್ಯದ. ಹೋಗಲಿಕ್ಕೆ ದಾರಿ ಸಿಗದಿದ್ರ ಅದು ಸಿಕ್ಕವರ ಮ್ಯಾಲೆ ಹತ್ತತದ."

ಹೊರಡುವಾಗ ಬಾಗಿಲಲ್ಲಿ ನಿಂತು ಇಳಾಗೆ ಹೇಳುವ ಹಾಗೆ ನಮ್ಮಿಬ್ಬರಿಗೂ ಹೇಳಿದರು: "ದೀಪ ಸಣ್ಣದಾದ್ರ ಹೆದರಬ್ಯಾಡ್ರಿ. ಹೆಚ್ಚಿಗೆ ಬೆಳಗಿದ್ರ ಹೆದರ್ರಿ. ಕಂಡಕೂಡಲೆ ಎಲ್ಲಾ ಪ್ಲಗ್ ಕೀಳ್ರಿ."

ಗೋಡೆಯ ವೈರಿಗೆ ತಾವು ಕೈಹಾಕಲು ಅವರು ಸುತರಾಂ ಒಪ್ಪಲಿಲ್ಲ. ಅದು ಲೈಸೆನ್ಸಿರುವ ಎಲೆಕ್ಟ್ರಿಷಿಯನ್ನಿನ ಕೆಲಸ, ಕರೆಸಬೇಕಾದವರು ಮನೆ ನೋಡಿಕೊಳ್ಳುವ ಹೌಸ್‌ಫರ್ವಾಲ್ಟುಂಗ್ ಆಫೀಸಿನವರು. ಅವರಿಗೆ ನಮ್ಮಿಂದ ಮೂರು ಪತ್ರ ಬರೆಸಿದರು. ಕಟ್ಟಿದ ಕಾಲದ ನಿಯಮಕ್ಕೆ ವೈರಿಂಗು ಸರಿಯಾಗಿದೆ, ಹಳೆಯದಕ್ಕೆ ಕಾನೂನಿನ ರಕ್ಷಣೆ ಇದೆ ಎಂದು ಉತ್ತರ ಬಂತು. ಅದನ್ನು ಓದಿ ಕಾಕಾ, "ವೈರಿಗೆ ರಕ್ಷಣಾ ಅದ. ಬಾಡಿಗಿಯವ್ರದು ನೋಡೋಣಂತ" ಎಂದರು.

ಅವರ ಮನೆಗೆ ಒಮ್ಮೆ ಹೋಗಿದ್ದೆ. ಅಲ್ಲಿನ ವೈರಿಂಗೆಲ್ಲ ಹೊಸದು, ಆದರೂ ಒಂದು ಪ್ಲಗ್ಗೂ ಸಾಕೆಟ್ಟಿನಲ್ಲಿರಲಿಲ್ಲ. ಎಲ್ಲವನ್ನೂ ಕಿತ್ತು ಗೋಡೆಯ ಮೊಳೆಗಳಿಗೆ ತೂಗುಹಾಕಿದ್ದರು, ಪ್ರತಿಯೊಂದಕ್ಕೂ ಕನ್ನಡದಲ್ಲಿ ಬರೆದ ಚೀಟಿ: ಟಿವಿ, ರೇಡಿಯೋ, ಇಸ್ತ್ರಿ. ಫ್ರಿಜ್ಜಿನದೊಂದು ಮಾತ್ರ ಚುಚ್ಚಿತ್ತು. ಅಷ್ಟು ನಿಶ್ಶಬ್ದವಾದ ಮನೆಯನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಮಾತಾಡುತ್ತಾ ಆಡುತ್ತಾ ಅವರು ನಡುವೆ ತಡೆದು, ನೆಲದ ಕಡೆ ಕಿವಿಗೊಟ್ಟು, ಮತ್ತೆ ಮಾತು ಮುಂದುವರಿಸುತ್ತಿದ್ದರು. ವಯಸ್ಸಾಯಿತು, ಕಿವಿ ಮಂದ ಎಂದುಕೊಂಡೆ.

ನನಗೂ ಕಾಕಾಗೂ ಜಗಳ ಆದದ್ದು ನನ್ನ ಗ್ರೈಂಡರಿನ ಮೇಲೆ. ನನ್ನ ಅಮ್ಮ ಬೆಂಗಳೂರಿನಿಂದ ಬರುವಾಗ ತನ್ನ ಸೀರೆಗಳನ್ನು ಅರ್ಧಕ್ಕರ್ಧ ಬಿಟ್ಟು, ಆ ತೂಕಕ್ಕೆ ಸರಿಯಾಗಿ ಹೊತ್ತು ತಂದ ಗ್ರೈಂಡರು ಅದು. ವೋಲ್ಟು ಎರಡೂ ದೇಶದಲ್ಲಿ ಒಂದೇ, ಪ್ಲಗ್ಗು ಮಾತ್ರ ಬೇರೆ. ಇಲ್ಲಿನ ಕನ್ನಡದವರು ಎಲ್ಲರೂ ಮಾಡುವುದನ್ನೇ ಮಹೇಶನೂ ಮಾಡಿದ್ದ. ಮೂರು ಪಿನ್ನಿನ ನಮ್ಮ ಪ್ಲಗ್ಗನ್ನು ಕತ್ತರಿಸಿ, ಎರಡು ಪಿನ್ನಿನ ಇಲ್ಲಿಯ ಪ್ಲಗ್ಗು ಹಾಕಿದ್ದ. ಮಿಕ್ಕ ಹಸಿರು ವೈರನ್ನು, ಭೂಮಿಗೆ ಸೇರಬೇಕಾದದ್ದನ್ನು, ಮಡಚಿ ಟೇಪು ಸುತ್ತಿದ್ದ. ಗ್ರೈಂಡರು ಸೊಗಸಾಗಿ ತಿರುಗುತ್ತಿತ್ತು, ಹಿಟ್ಟು ಬೆಣ್ಣೆಯಂತೆ ಬರುತ್ತಿತ್ತು. ಇನ್ನೇನು ಬೇಕು?

ಆವತ್ತು ಕಾಕಾ ಊಟಕ್ಕೆ ಬಂದಿದ್ದರು. ಬೀರುವಿನಲ್ಲಿ ಇಟ್ಟಿರುತ್ತಿದ್ದ ಗ್ರೈಂಡರು ಆ ದಿನ ಕಟ್ಟೆಯ ಮೇಲಿತ್ತು. ಅವರ ಕಣ್ಣು ವೈರಿನ ಗುಂಟ ಹೋಗಿ, ಟೇಪು ಸುತ್ತಿದ ಗಂಟಿನ ಮೇಲೆ ನಿಂತಿತು. ಮುಖ ಬಿಳಿಚಿಕೊಂಡಿತು. ಒಂದು ಮಾತೂ ಆಡದೆ ತಮ್ಮ ಚೀಲದಿಂದ ಕಟರ್ ತೆಗೆದು, ವೈರನ್ನು ಗ್ರೈಂಡರಿನ ಬುಡಕ್ಕೇ ಕತ್ತರಿಸಿ ಹಾಕಿದರು.

"ಏನ್ಮಾಡ್ತಿದೀರಿ ಕಾಕಾ!" ನಾನು ಕಿರುಚಿಯೇಬಿಟ್ಟೆ.

"ಇದು ಬ್ಯಾಡ್ರಿ. ಇದು ಈ ಮನ್ಯಾಗ ಬ್ಯಾಡ."

"ಹೇಳಿದ್ರೆ ನಾವೇ ಸರಿ ಮಾಡ್ಕೋತಿದ್ವಲ್ಲ? ನಮ್ಮಮ್ಮ ಹೊತ್ತು ತಂದಿದ್ದು ಅದು!"

ಅವರು ಕತ್ತರಿಸಿದ ವೈರನ್ನು ಸುರುಳಿ ಸುತ್ತಿ ಜೇಬಿಗಿಟ್ಟುಕೊಂಡು, ಊಟ ಮಾಡದೆ ಹೊರಟುಹೋದರು. ನನಗೆ ಸಿಟ್ಟು ನೆತ್ತಿಗೇರಿತ್ತು. ಮೂರು ತಿಂಗಳು ನಾನು ಅವರ ಫೋನು ಎತ್ತಲಿಲ್ಲ, ಎದುರು ಸಿಕ್ಕರೂ ಮುಖ ತಿರುಗಿಸಿದೆ. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಒಂದು ಶನಿವಾರ ಹನ್ನೊಂದರ ಸುಮಾರಿಗೆ ಅವರೇ ಬಂದರು, ಕೈಯಲ್ಲೊಂದು ಸ್ಟೀಲ್ ಡಬ್ಬಿ. ಎಂದಿನಂತೆ ಫ್ರಿಜ್ಜು, ಮಷೀನು, ಒಲೆ ಮುಟ್ಟಿ ನೋಡಿ, ಆಗ ಎಲ್ಲ ಸರಿಯಿದ್ದದ್ದರಿಂದ ಕೂತರು. ತಮ್ಮ ಮಿಕ್ಸಿಯಲ್ಲಿ ತಾವೇ ರುಬ್ಬಿದ ದೋಸೆ ಹಿಟ್ಟು ತಂದಿದ್ದರು. ರಾಜಿಯ ಕಾಣಿಕೆ ಎಂದು ತಿಳಿದರೂ ನಾನು ಮುಖ ಸಡಿಲಿಸಲಿಲ್ಲ. ಅವರೇ ಚೂರು ಹಿಟ್ಟನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ ತೋರಿಸಿದರು.

"ರವಾ ರವಾ ಅದ, ಮಿಕ್ಸೀದು ಯಾವಾಗೂ ಹಿಂಗ. ಎಷ್ಟ ರುಬ್ಬಿದ್ರೂ ಬೆರಳಿಗೆ ಗೊತ್ತಾಗ್ತದ. ನಮ್ಮ ಸುಧಾ ಇದ್ದಿದ್ರ ಮೋರಿಗೆ ಚೆಲ್ಲತಿದ್ಲು."

ನನಗೆ ನಗು ತಡೆಯಲಾಗಲಿಲ್ಲ. ಕಾವಲಿ ಇಟ್ಟೆ. ಇಳಾ ಬರಿಗಾಲಲ್ಲಿ ಮಷೀನಿನ ಪಕ್ಕದ ನಲ್ಲಿಯಲ್ಲಿ ಕೈ ತೊಳೆಯುತ್ತಾ ನಿಂತಿದ್ದವಳು, "ಮಮಾ, ದೀ ವಾಶ್‌ಮಶೀನೆ ಕಿಟ್ಸೆಲ್ಟ್" ಎಂದಳು. ವಾಷಿಂಗ್ ಮಷೀನು ಕಚಗುಳಿ ಇಡುತ್ತೆ ಎಂದು. ನಾನು ಕಾವಲಿಯಿಂದ ಕಣ್ಣು ತೆಗೆಯದೆ ಹೇಳಿದೆ:

"ಚಪ್ಪಲಿ ಹಾಕ್ಕೋ ಪುಟ್ಟಿ."

ಕಾಕಾನ ಕೈಯಿಂದ ಲೋಟ ಬಿತ್ತು. ಎದ್ದು ಹೋಗಿ ಇಳಾಳನ್ನು ಫ್ರಾಕಿನ ಕಾಲರು ಹಿಡಿದು ಹಿಂದಕ್ಕೆಳೆದರು, ಬೆಕ್ಕಿನ ಮರಿಯನ್ನು ಎತ್ತುವ ಹಾಗೆ. ಆಮೇಲೆ ಎಡಗೈ ಜೇಬಿಗಿಟ್ಟು, ಬಲಗೈಯ ಹಿಂಬದಿಯನ್ನು ಮಷೀನಿಗೆ ತಾಗಿಸಿದರು. ಕೈ ಚಂಗನೆ ಹಿಂದಕ್ಕೆ ಹಾರಿತು. ಚೀಲದಿಂದ ಎರಡು ತಂತಿ ಇಳಿಬಿಟ್ಟ ಹಳೇ ಬಲ್ಬೊಂದನ್ನು ತೆಗೆದು, ಒಂದು ತಂತಿಯನ್ನು ನಲ್ಲಿಗೂ ಇನ್ನೊಂದನ್ನು ಮಷೀನಿನ ಮೈಗೂ ಮುಟ್ಟಿಸಿದರು. ಬಲ್ಬು ಕೆಂಪಗೆ ಹತ್ತಿಕೊಂಡಿತು. ಯಾವ ಸ್ವಿಚ್ಚಿಗೂ ಸಂಬಂಧವಿಲ್ಲದ ಬೆಳಕು ನನ್ನ ಮಗಳ ಕೈಯಿದ್ದ ಜಾಗದಲ್ಲಿ ಉರಿಯುವುದನ್ನು ನಾನು ನೋಡಿದೆ.

ಕಾಕಾ ಹೊರಬಾಗಿಲ ಪಕ್ಕದ ಪಿಂಗಾಣಿ ಫ್ಯೂಸುಗಳನ್ನೆಲ್ಲ ಒಂದೊಂದಾಗಿ ತಿರುಗಿಸಿ ತೆಗೆದು ಕೋಟಿನ ಜೇಬಿಗೆ ಹಾಕಿಕೊಂಡರು. ತುರ್ತು ನಂಬರಿಗೆ ಫೋನು ಮಾಡಿದರು. ಎಲೆಕ್ಟ್ರಿಷಿಯನ್ ಬರಲು ಎರಡು ಗಂಟೆಯಾಗುತ್ತದೆ ಎಂದರು. ಮಹೇಶ ಇಳಾಳನ್ನು ಪಾರ್ಕಿಗೆ ಕರೆದೊಯ್ದ. ಫ್ರಿಜ್ಜಿನ ಸದ್ದೂ ನಿಂತ ಅಡುಗೆಮನೆಯಲ್ಲಿ ನಾವಿಬ್ಬರೇ ಉಳಿದೆವು.

"ಅದ ಮಾತು ನಾನೂ ಅಂದಿದ್ದೆ," ಎಂದರು ಕಾಕಾ.

"ಯಾವ ಮಾತು ಕಾಕಾ?"

"ಚಪ್ಪಲಿ ಹಾಕ್ಕೋ ಅಂತ. ಸುಧಾ ಹುಬ್ಬಳ್ಳಿಯಿಂದ ಗ್ರೈಂಡರ್ ತರಿಸಿದ್ಲು. ಪ್ಲಗ್ ಕೂಡಲಿಲ್ಲ. ನಾನ ಕತ್ತರಿಸಿ ಎರಡು ಪಿನ್ನಿಂದು ಹಾಕಿದೆ. ಹಸಿರು ವೈರ್ ಮಡಚಿ ಟೇಪ್ ಸುತ್ತಿದೆ. ಫ್ಯಾಕ್ಟರಿಯೊಳಗ ಯಾರರೆ ಹಂಗ ಮಾಡಿದ್ರ ಅವತ್ತ ಮನೀಗೆ ಕಳಸತಿದ್ದೆ. ಮನ್ಯಾಗ ಏನು ಬಿಡು ಅನಸ್ತು. ಸ್ವಲ್ಪ ದಿನಕ್ಕ ಆಕಿ ಹೇಳಲಿಕ್ಕೆ ಹತ್ತಿದ್ಲು, 'ಅಲ್ರೀ, ಗ್ರೈಂಡರ್ ಮುಟ್ಟಿದ್ರ ಜುಂ ಅಂತದ' ಅಂತ. ಚಪ್ಪಲಿ ಹಾಕ್ಕೊಂಡು ನಿಲ್ಲು ಅಂದೆ. ಪ್ಯಾಟಿಗೆ ಹೋಗಿ ಒಂದು ಜೋಡಿ ರಬ್ಬರ್ ಚಪ್ಪಲಿನೂ ತಂದುಕೊಟ್ಟೆ. ವೈರ್ ಜೋಡಸಲಿಕ್ಕೆ ಹತ್ತು ನಿಮಿಷ ಸಾಕಿತ್ತು. ಚಪ್ಪಲಿ ತರಲಿಕ್ಕೆ ಒಂದು ತಾಸು ಹೋತು."

ನಾನು ಕಾವಲಿಯನ್ನು ಒಲೆಯಿಂದ ಇಳಿಸಿ ಪಕ್ಕಕ್ಕಿಟ್ಟೆ.

"ಶನಿವಾರ. ಇಷ್ಟ ಹೊತ್ತು. ಬ್ರೆಡ್ ತರಲಿಕ್ಕೆ ಹೋಗಿದ್ದೆ. ಬಾಗಲಾ ತಗದ್ರ ಗ್ರೈಂಡರ್ ಸಪ್ಪಳ. ಕಲ್ಲು ತಿರಗಲಿಕ್ಕೆ ಹತ್ತಿತ್ತು. ಆಕಿ ಕೆಳಗ ಬಿದ್ದಿದ್ಲು."

ಡಾಕ್ಟರು ಹೃದಯಾಘಾತ ಎಂದು ಬರೆದರು. ಸುಧಾಕಾಕುಗೆ ಚಿಕ್ಕಂದಿನಿಂದ ಹೃದಯದ ತೊಂದರೆ ಇತ್ತು. ಜುಂ ಎನ್ನುತ್ತಿದ್ದ ಸಂಗತಿಯನ್ನು ಕಾಕಾ ಡಾಕ್ಟರಿಗೆ ಹೇಳಲಿಲ್ಲ.

"ಆ ಗ್ರೈಂಡರನ್ನ ಅಳೆದು ನೋಡ್ಲಿಲ್ವಾ?" ಎಂದು ಕೇಳಿದೆ. ಕೇಳಬಾರದಿತ್ತು.

"ಇಲ್ಲವ್ವಾ. ಸಾವಿರಗಟ್ಲೆ ಮೋಟರ್ ಅಳದೀನಿ. ಅದೊಂದನ್ನ ಅಳೀಲಿಲ್ಲ. ಅಳದ್ರ ಗೊತ್ತಾಗಿಬಿಡತಿತ್ತು. ಈಗ ಅಳದು ಉಪಯೋಗಿಲ್ಲ, ಒಳಗಿನ ಪಸಿ ಎಲ್ಲಾ ಒಣಗಿರ್ತದ." ನಮ್ಮ ನಲ್ಲಿಯ ಕಡೆ ನೋಡಿ ಹೇಳಿದರು: "ಅಲ್ಲಿ ನಲ್ಲಿ ದೂರಿತ್ತು, ಆಕಿ ಕೈಗೆ ಸಿಗತಿರಲಿಲ್ಲ. ಕರೆಂಟು ಆಕಿ ಮೈಯಾಗ ಹಾದಿದ್ರ ಕಾಲಿಂದನ ಹೋಗಬೇಕು. ಕೆಳಗ ಕಲ್ಲಿನ ನೆಲ, ನೀರು ಚೆಲ್ಲಿತ್ತು. ಅವತ್ತು ಆಕಿ ಕಾಲಾಗ ಚಪ್ಪಲಿ ಇತ್ತಂದ್ರ ಅದು ಹಾರ್ಟು. ಇರಲಿಲ್ಲಂದ್ರ ಅದು ನಾನು. ಇಷ್ಟ ಲೆಕ್ಕ. ಆಕಿ ಮಾರಿ ನೆನಪದ, ಕೈ ನೆನಪದ. ಕಾಲು ನೆನಪಾಗವಲ್ದು."

ಕೆಳಗಿನ ಮನೆಯ ಮುದುಕಿಯೊಬ್ಬರು ಆವತ್ತು ಬಂದು ಅಡುಗೆಮನೆ ತೊಳೆದು, ಗ್ರೈಂಡರನ್ನೂ ಅಲ್ಲಿ ಬಿದ್ದಿದ್ದ ಮಿಕ್ಕ ಸಾಮಾನನ್ನೂ ಒಂದು ರಟ್ಟಿನ ಪೆಟ್ಟಿಗೆಗೆ ತುಂಬಿ, ನೆಲದಡಿಯ ಕೆಲ್ಲರಿನಲ್ಲಿ ಇಟ್ಟರಂತೆ. ಕಾಕಾ ಇಪ್ಪತ್ತು ವರ್ಷವಾದರೂ ಅದನ್ನು ತೆರೆದಿರಲಿಲ್ಲ.

"ಶನಿವಾರ ಈಗೂ ಕೆಳಗಿಂದ ಸಪ್ಪಳ ಕೇಳಸ್ತದ. ಆ ಕೆಲ್ಲರದಾಗ ಸಾಕೆಟ್ಟ ಇಲ್ಲ," ಎಂದರು. ಅವರು ಯಾಕೆ ನೆಲದ ಕಡೆ ಕಿವಿಗೊಡುತ್ತಿದ್ದರು, ಯಾಕೆ ಎಲ್ಲ ಪ್ಲಗ್ಗುಗಳನ್ನೂ ಕಿತ್ತಿಡುತ್ತಿದ್ದರು ಎಂದು ನನಗೆ ಆಗ ತಿಳಿಯಿತು. ಅವರ ಮೇಲೆ ಮೂರು ತಿಂಗಳು ಮುನಿಸಿಕೊಂಡಿದ್ದ ನನ್ನ ಮೇಲೆ ನನಗೇ ಅಸಹ್ಯವಾಯಿತು.

ಎಲೆಕ್ಟ್ರಿಷಿಯನ್ ಬಂದು ನೆಲಮಹಡಿಯ ಮೀಟರು ಪೆಟ್ಟಿಗೆ ತೆರೆದ. ಕರೆಂಟು ಹಿಂತಿರುಗುವ ವೈರಿನ ಸ್ಕ್ರೂ ಸಡಿಲಾಗಿ, ಸುತ್ತಲೂ ಸುಟ್ಟು ಇದ್ದಿಲಾಗಿತ್ತು. ದೀಪ ಏರಿಳಿಯುತ್ತಿದ್ದದ್ದು, ಟಿವಿ ಸುಟ್ಟದ್ದು ಎಲ್ಲ ಅದರಿಂದಲೇ. ಅಡುಗೆಮನೆಯ ಸಾಕೆಟ್ಟಿನಲ್ಲಿ ಅದೇ ವೈರನ್ನು ಭೂಮಿಯ ವೈರಾಗಿಯೂ ಬಳಸಿದ್ದರಿಂದ ಮಷೀನಿನ ಮೈಗೂ ಕರೆಂಟು ಏರಿತ್ತು. "ಇನ್ನೆರಡು ದಿನ ಬಿಟ್ಟಿದ್ದರೆ" ಎಂದು ಶುರುಮಾಡಿದ ಅವನು ಇಳಾಳ ಚಿಕ್ಕ ಶೂಗಳನ್ನು ನೋಡಿ ಮಾತು ನಿಲ್ಲಿಸಿದ.

ಅವನ ವರದಿ ಹೋದ ಮೇಲೆ ಆಫೀಸಿನವರು ಚುರುಕಾದರು. ಬೇಸಿಗೆಯೊಳಗೆ ಮನೆಗೆಲ್ಲ ಮೂರನೇ ವೈರು ಬಂತು. ಚೂರು ಕರೆಂಟು ಸೋರಿದರೂ ತಾನೇ ಬಂದ್ ಆಗುವ ಸ್ವಿಚ್ಚು ಬಂತು. ಅದರ ಪರೀಕ್ಷೆಯ ಗುಂಡಿ ಒತ್ತಲು ಕಾಕಾನನ್ನೇ ಕರೆದೆವು. ಒತ್ತಿದರು, ಟಕ್ ಎಂದು ಇಡೀ ಮನೆ ಬಂದಾಯಿತು. ಇಳಾ "ಓಪಾ, ನೋಖ್‌ಮಾಲ್!" ಎಂದು ಕುಣಿದಳು, ಇನ್ನೊಂದು ಸಲ ತಾತಾ ಎಂದು. ಎಂಟು ಸಲ ಒತ್ತಿದರೇನೋ. ಟಿವಿಯ ಹತ್ತಿರ ಆ ಹಳೇ ಸರ್ಜ್ ಪ್ರೊಟೆಕ್ಟರ್ ಕಂಡು, "ಈಗ ಇದಕ್ಕ ಮೋರಿ ಸಿಕ್ತು, ಹಾಕ್ಕೊಳ್ರಿ" ಎಂದರು. ಆಮೇಲೆ ಮೆಲ್ಲಗೆ, "ಇನ್ನ ಈ ಮನ್ಯಾಗ ಯಾರೂ ಚಪ್ಪಲಿ ಹಾಕ್ಕೊಳ್ಳೂದು ಬ್ಯಾಡ" ಎಂದರು. ಅವರನ್ನು ನಾನು ಅಷ್ಟು ಸಂತೋಷವಾಗಿ ಕಂಡದ್ದು ಅದೊಂದೇ ಸಲ.

ಮುಂದಿನ ಫೆಬ್ರವರಿಯಲ್ಲಿ ಅವರ ಹೃದಯ ಸೋತಿತು. ಆಸ್ಪತ್ರೆಯಲ್ಲಿ ಎದೆಗೆಲ್ಲ ತಂತಿ ಅಂಟಿಸಿಕೊಂಡು ಮಲಗಿದ್ದರೂ, ಮಂಚದ ಕಂಬಿಯನ್ನು ಕೈಯ ಹಿಂಬದಿಯಿಂದ ಒಮ್ಮೆ ಮುಟ್ಟಿ ನೋಡಿದರು. ಆಮೇಲೆ ದಿಂಬಿನ ಕೆಳಗಿಂದ ಕೆಲ್ಲರಿನ ಬೀಗದ ಕೈ ತೆಗೆದು ನನಗೆ ಕೊಟ್ಟರು.

"ಪೆಟ್ಟಿಗಿ ತಗದು ನೋಡವಾ. ಅದರಾಗ ಚಪ್ಪಲಿ ಇರ್ತಾವ. ಆಕಿ ಮುಚ್ಚಳಾ ತಗದ ತಿರಗಸ್ತಿದ್ಲು, ಅವತ್ತು ಸೀರಿ ಅಂಚಿಗೆಲ್ಲ ಹಿಟ್ಟು ಸಿಡದಿತ್ತು. ಚಪ್ಪಲಿ ಮ್ಯಾಲೂ ಹಿಟ್ಟಿದ್ರ ಹಾಕ್ಕೊಂಡಿದ್ಲು ಅಂತನ. ನನಗ ಗೊತ್ತಾಗಬೇಕು ಈಗ." ನನ್ನ ಕಣ್ಣನ್ನೇ ನೋಡಿದರು. "ಸುಳ್ಳ ರೀಡಿಂಗ್ ಬ್ಯಾಡ."

ಆ ಕೆಲ್ಲರಿನ ದೀಪ ಎರಡು ನಿಮಿಷಕ್ಕೊಮ್ಮೆ ತಾನೇ ಆರುತ್ತದೆ. ಮರದ ಜಾಲರಿಯ ಬಾಗಿಲು ತೆರೆದು, ಪೆಟ್ಟಿಗೆಯ ಟೇಪು ಕಿತ್ತೆ. ಗ್ರೈಂಡರಿನ ಕಲ್ಲು, ಸ್ಟೀಲಿನ ಪಾತ್ರೆ, ಒಂದು ಸೌಟು. ಕೆಳಗೆ ನೀಲಿ ಪಟ್ಟಿಯ ರಬ್ಬರ್ ಚಪ್ಪಲಿ. ಅಂಗಡಿಯಲ್ಲಿ ಎರಡನ್ನೂ ಸೇರಿಸಿ ಹಾಕಿದ್ದ ಪ್ಲಾಸ್ಟಿಕ್ ದಾರ ಹಾಗೇ ಇತ್ತು. ಅಟ್ಟೆಗೆ ಅಂಗಡಿಯ ಚೀಟಿ ಅಂಟಿಕೊಂಡಿತ್ತು. ಸುಧಾಕಾಕು ಅದನ್ನು ಒಂದು ದಿನವೂ ಮೆಟ್ಟಿರಲಿಲ್ಲ.

ದೀಪ ಆರಿತು. ನಾನು ಸ್ವಿಚ್ಚು ಹುಡುಕಲಿಲ್ಲ. ಕತ್ತಲಲ್ಲಿ ಆ ಜೋಡಿ ಹಿಡಿದುಕೊಂಡು, ಈಗ ಕಲ್ಲು ತಿರುಗುವ ಸದ್ದು ಕೇಳಿಸುತ್ತದೆ ಎಂದು ಹೆದರಿ ನಿಂತೆ. ಕೇಳಿಸಲಿಲ್ಲ.

ಮನೆಗೆ ಬಂದು ನಾನು ಮಾಡಿದ್ದನ್ನು ಹೇಳುತ್ತೇನೆ. ಕತ್ತರಿಯಿಂದ ದಾರ ಕತ್ತರಿಸಿದೆ. ಚೀಟಿ ಕೆರೆದು ತೆಗೆದೆ. ಅಟ್ಟೆಯನ್ನು ಬಾಲ್ಕನಿಯ ಸಿಮೆಂಟಿಗೆ ಉಜ್ಜಿದೆ. ಫ್ರಿಜ್ಜಿನಲ್ಲಿ ಹಿಂದಿನ ದಿನ ರುಬ್ಬಿದ ಹಿಟ್ಟಿತ್ತು. ಚಮಚದಲ್ಲಿ ತೆಗೆದು ಪಟ್ಟಿಗಳ ಮೇಲೆ ಸಿಡಿಸಿ, ಹೀಟರಿನ ಮೇಲೆ ಒಣಗಲು ಇಟ್ಟೆ. ಮಹೇಶ ಬಾಗಿಲಲ್ಲಿ ನಿಂತು, "ಏನೇ ಇದು?" ಎಂದ. "ಸುಳ್ಳು ರೀಡಿಂಗ್" ಎಂದೆ. ಅವನು ಮುಂದೆ ಕೇಳಲಿಲ್ಲ.

ಮರುದಿನ ಮಧ್ಯಾಹ್ನ ಆ ಚಪ್ಪಲಿಗಳನ್ನು ಕಾಕಾನ ಹೊದಿಕೆಯ ಮೇಲೆ ಇಟ್ಟೆ.

"ಹಾಕ್ಕೊಂಡಿದ್ರು ಕಾಕಾ. ನೋಡಿ, ಹಿಟ್ಟು."

ಕಾಕಾ ಕನ್ನಡಕ ಹಾಕಿಕೊಂಡರು. ಒಂದನ್ನು ಎತ್ತಿ, ತಿರುಗಿಸಿ, ಪಟ್ಟಿಯ ಮೇಲಿನ ಒಣಗಿದ ಹಿಟ್ಟನ್ನು ಉಗುರಿನಿಂದ ಎಬ್ಬಿಸಿದರು. ಆ ಚೂರನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಇಟ್ಟು ತಿಕ್ಕಿದರು, ತುಂಬ ಹೊತ್ತು. ಆಗ ನನಗೆ ಹೊಳೆಯಿತು. ನನ್ನ ಗ್ರೈಂಡರಿನ ವೈರು ಕತ್ತರಿಸಿದವರು ಅವರೇ. ಅಂದಿನಿಂದ ನಾನು ಮಿಕ್ಸಿಯಲ್ಲೇ ರುಬ್ಬುತ್ತಿದ್ದೆ. ಬೆರಳಿಗೆ ಗೊತ್ತಾಗುತ್ತದೆ ಎಂದು ನನಗೆ ಹೇಳಿಕೊಟ್ಟವರ ಬೆರಳಿಗೇ ನಾನು ಮಿಕ್ಸಿಯ ಹಿಟ್ಟು ಕೊಟ್ಟಿದ್ದೆ. ಕಿಟಕಿಯ ಕಡೆ ತಿರುಗಿ ನಿಂತುಕೊಂಡೆ.

ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ.

"ಕೆಳಗ ಇಡವಾ," ಎಂದರು. "ಮಂಚದ ಬಾಜೂಕ, ಜೋಡಿಸಿ ಇಡು. ಆಕಿ ಬಂದಾಗೆಲ್ಲ ಬರಿಗಾಲಲೆ ಬರ್ತಾಳ."

ಇಟ್ಟೆ. ಅವರ ಪಾದದ ಹತ್ತಿರ ಸ್ವಲ್ಪ ಹೊತ್ತು ಕೂತಿದ್ದು ಎದ್ದು ಬಂದೆ. ಅದೇ ಕೊನೆಯ ಭೇಟಿ.

ಎರಡು ದಿನದ ಮೇಲೆ ನರ್ಸ್ ನನಗೆ ಅವರ ಸಾಮಾನಿನ ಚೀಲ ಕೊಟ್ಟಳು. ಕನ್ನಡಕ, ಎರಡು ತಂತಿಯ ಬಲ್ಬು, ಚಪ್ಪಲಿ. ಚಪ್ಪಲಿಯ ಮೇಲೆ ಹಿಟ್ಟಿರಲಿಲ್ಲ. ಒದ್ದೆ ಬಟ್ಟೆ ಕೇಳಿ ತೆಗೆದುಕೊಂಡು ತಾವೇ ಒರೆಸಿದರು, ಆಮೇಲೆ ಅದೇ ಜಾಗದಲ್ಲಿ ಜೋಡಿಸಿ ಇಡಿಸಿದರು ಎಂದು ಹೇಳಿದಳು.

ಆ ಚಪ್ಪಲಿ ಈಗ ನಮ್ಮ ಅಡುಗೆಮನೆಯ ಬಾಗಿಲ ಪಕ್ಕದಲ್ಲಿದೆ. ನಾವು ಯಾರೂ ಮೆಟ್ಟುವುದಿಲ್ಲ. ಶನಿವಾರ ಮಿಕ್ಸಿ ತಿರುಗಿಸುವ ಮೊದಲು ನಾನು ಎಡಗೈ ಜೇಬಿಗಿಟ್ಟು, ಫ್ರಿಜ್ಜು, ಮಷೀನು, ಒಲೆ ಎಲ್ಲವನ್ನೂ ಒಮ್ಮೆ ಮುಟ್ಟಿ ನೋಡುತ್ತೇನೆ. ಮೊನ್ನೆ ಹಾಗೆ ಮುಟ್ಟುತ್ತಾ ಬಂದವಳು ಬಾಗಿಲ ಕಡೆ ನೋಡಿದೆ. ರಾತ್ರಿ ಗೋಡೆಯ ಕಡೆ ಮುಖ ಮಾಡಿ ಇಟ್ಟಿದ್ದ ಚಪ್ಪಲಿ ಅಡುಗೆಮನೆಯ ಒಳಕ್ಕೆ ಮುಖ ಮಾಡಿತ್ತು, ಯಾರೋ ಮೆಟ್ಟಿಕೊಂಡು ಒಳಗೆ ಬಂದು ಬಿಟ್ಟ ಹಾಗೆ. ಇಳಾಳನ್ನು ಕೇಳಿದೆ, ತಾನು ಮುಟ್ಟಿಲ್ಲ ಎಂದಳು. ಮಹೇಶನನ್ನು ಕೇಳಲಿಲ್ಲ.